ಎರಡು ಆಗಸ್ಟ್ 15, ಒಂದು ಹಳೇ ಮೈಕ್ ಸೆಟ್

ರಾಕ್ ಸಂಗೀತದ ಕ್ಯಾಲೆಂಡರ್‌ನಲ್ಲಿ ಆಗಸ್ಟ್ 15ಕ್ಕೆ ತೂಕ ಜಾಸ್ತಿ. 1965ರಲ್ಲಿ ಆ ದಿನ ಇಂಗ್ಲೆಂಡಿನ ಬೀಟಲ್ಸ್ ತಂಡದವರು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಹಾಡಿದರು. 1969ರಲ್ಲಿ ಅದೇ ದಿನ, ಅದೇ ರಾಜ್ಯದ ಬೆಥೆಲ್ ಎಂಬ ಊರಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರನ ಜಮೀನಿನಲ್ಲಿ ವುಡ್‌ಸ್ಟಾಕ್ ಸಂಗೀತ ಉತ್ಸವ ಶುರುವಾಯಿತು. ಮೊದಲನೆಯದಕ್ಕೆ ಸೇರಿದ್ದು 55,600 ಜನ. ಅಭಿಮಾನಿಗಳ ಕಿರುಚಾಟದಲ್ಲಿ ಹಾಡು ಅವರಿಗೂ ಸರಿಯಾಗಿ ಕೇಳಿಸಲಿಲ್ಲ, ಹಾಡಿದವರಿಗೂ ಕೇಳಿಸಲಿಲ್ಲ. ಎರಡನೆಯದಕ್ಕೆ ನಾಲ್ಕು ಲಕ್ಷದ ಆಸುಪಾಸು ಜನ ಬಂದರು. ಗುಡ್ಡದ ಮೇಲೆ ದೂರದಲ್ಲಿ ಕೂತವರಿಗೂ ಹಾಡು ತಲುಪಿತು. ನಡುವೆ ಇದ್ದದ್ದು ನಾಲ್ಕೇ ವರ್ಷ.

ಈ ನಾಲ್ಕು ವರ್ಷದಲ್ಲಿ ಏನಾಯಿತು ಅಂತ ಕೇಳಿದರೆ ಎಲ್ಲರೂ ಉದ್ದ ಕೂದಲು, ವಿಯೆಟ್ನಾಂ, ಗಾಂಜಾ ಅಂತ ಶುರು ಮಾಡುತ್ತಾರೆ. ನನ್ನ ಕಣ್ಣು ಸ್ಪೀಕರ್ ಮೇಲೆ. ಓದಿ ತಿಳಿದದ್ದನ್ನು ಕಿವಿಯಿಂದಲೇ ಕೇಳಿ ನೋಡೋಣ ಅಂತ ಒಂದು ಕೆಲಸ ಹಿಡಿದೆ. ಹಳೇ ವಾಲ್ವ್ (ಟ್ರಾನ್ಸಿಸ್ಟರ್‌ಗೂ ಹಿಂದಿನ ಗಾಜಿನ ಬುರುಡೆ) ಆಂಪ್ಲಿಫಯರ್ ಒಂದನ್ನು ರಿಪೇರಿ ಮಾಡುವುದು. ಅದಕ್ಕೆ ಶೇ ಸ್ಟೇಡಿಯಂ ಥರದ ಕಾಲಂ ಸ್ಪೀಕರ್, ಅಂದರೆ ಉದ್ದನೆ ಕಂಬದಂಥ ಸ್ಪೀಕರ್ ಒಂದನ್ನು ಕಟ್ಟುವುದು. ಆಮೇಲೆ ಅದೇ ಆಂಪ್ಲಿಫಯರ್‌ಗೆ ವುಡ್‌ಸ್ಟಾಕ್ ಥರದ ದೊಡ್ಡ ಪೆಟ್ಟಿಗೆ ಸಿಕ್ಕಿಸಿ ಎರಡನ್ನೂ ಬಯಲಿನಲ್ಲಿ ಹೋಲಿಸುವುದು. ಈ ಬರಹ ಆ ಕೆಲಸದ ಲೆಕ್ಕಪತ್ರ.

ಮೊದಲೇ ಒಂದು ತಕರಾರು ಮುಗಿಸಿಬಿಡುತ್ತೇನೆ. ಬೆಥೆಲ್‌ನಲ್ಲಿ ಮೊದಲ ಹಾಡು ಶುರುವಾದದ್ದು ಸಂಜೆ ಐದು ದಾಟಿದ ಮೇಲೆ. ಆಗ ನಮ್ಮಲ್ಲಿ ಬೆಳಗಿನ ಜಾವ ಎರಡೂವರೆ, ತಾರೀಕು 16. ಶೇ ಸ್ಟೇಡಿಯಂ ಕಥೆಯೂ ಅದೇ. ನಮ್ಮ ಗಡಿಯಾರ ಹಿಡಿದರೆ ಈ ಬರಹದ ಹೆಸರೇ ತಪ್ಪಾಗುತ್ತದೆ. ಹಾಡಿದವರ ಗಡಿಯಾರವನ್ನೇ ಹಿಡಿಯೋಣ.

ಮೈಕ್ ಸೆಟ್

ಆಂಪ್ಲಿಫಯರ್ ಸಿಕ್ಕಿದ್ದು ನಮ್ಮೂರಿನ ಶಾಮಿಯಾನ ಅಂಗಡಿಯಲ್ಲಿ. ಅಂಗಡಿ ಮುಚ್ಚಿ ಬಹಳ ವರ್ಷವಾಗಿದೆ. ಅದರ ಯಜಮಾನರು ನಮ್ಮ ತಂದೆಯ ಗೆಳೆಯರು, ನನಗೆ ಮಾವ. ಮದುವೆ, ಜಾತ್ರೆ, ಚುನಾವಣೆ, ಗಣಪತಿ ಎಲ್ಲಕ್ಕೂ ಅವರದ್ದೇ ಮೈಕ್ ಸೆಟ್ ಇರುತ್ತಿತ್ತು.

"ದುಡ್ಡೆಷ್ಟು ಕೊಡ್ಲಿ ಮಾವ?"

"ದುಡ್ಡು ಏನಕ್ಕಪ್ಪ? ಇಲಿ ಗೂಡು ಕಟ್ಟೈತೆ ಒಳಗೆ. ರೆಡಿ ಆದ್ರೆ ಒಂದ್ಸಲ ರಾಜ್‌ಕುಮಾರ್ ಹಾಡು ಹಾಕಿ ಕೇಳಿಸು, ಸಾಕು."

ಇಲಿ ಗೂಡು ನಿಜವಾಗಿಯೂ ಇತ್ತು. ಟ್ರಾನ್ಸ್‌ಫಾರ್ಮರ್ ಎರಡರ ನಡುವೆ, ಹಳೇ ಲಗ್ನಪತ್ರಿಕೆಯ ಚೂರು ಮತ್ತು ತೆಂಗಿನ ನಾರು ಸೇರಿಸಿ ಕಟ್ಟಿತ್ತು. ಪುಣ್ಯಕ್ಕೆ ವೈರ್ ಕಡಿದಿರಲಿಲ್ಲ. ಬ್ರಷ್ ಮತ್ತು ಬ್ಲೋವರ್ ಹಿಡಿದು ಸ್ವಚ್ಛ ಮಾಡಿದ ಮೇಲೆ ಒಳಗಿನ ಲೆಕ್ಕ ಸಿಕ್ಕಿತು. ಔಟ್‌ಪುಟ್‌ಗೆ ಎರಡು ಇಎಲ್ 34 ವಾಲ್ವ್. ಮುಂದೆ ಇಸಿಸಿ 83 ಎರಡು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫಯರ್‌ಗೆ ಜಿಝಡ್ 34. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಸ್ಪೀಕರ್ ಸಿಕ್ಕಿಸಲು 4, 8, 16 ಓಮ್ ಟ್ಯಾಪ್, ಜೊತೆಗೆ ಉದ್ದ ವೈರ್ ಎಳೆದು ಹಲವು ಸ್ಪೀಕರ್ ಹಾಕಲು 100 ವೋಲ್ಟ್ ಲೈನ್. ಇಸಿಸಿ 83 ಒಂದರ ಗಾಜಿನ ಮೇಲೆ ಬಿಇಎಲ್ ಅಂತ ಅಚ್ಚು, ಇನ್ನೂ ಓದಲು ಬರುತ್ತಿತ್ತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲದಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು. ಈ ಪೆಟ್ಟಿಗೆಯಲ್ಲಿ ಕೊನೆಯವರೆಗೂ ಏನೂ ತೊಂದರೆ ಕೊಡದ ವಾಲ್ವ್ ಅದೊಂದೇ.

ಇಎಲ್ 34 ಎರಡರಲ್ಲಿ ಒಂದು ನೋಡಿದ ಕೂಡಲೇ ಗೊತ್ತಾಗುವಷ್ಟು ಕೆಟ್ಟಿತ್ತು. ಈ ವಾಲ್ವ್‌ನ ನೆತ್ತಿಯ ಒಳಭಾಗದಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಪದರ ಇರುತ್ತದೆ. ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳುವುದು ಅದರ ಕೆಲಸ. ಎಲ್ಲೋ ಬಿರುಕು ಬಿಟ್ಟು ಹೊರಗಿನ ಗಾಳಿ ನುಗ್ಗಿದರೆ ಆ ಬೆಳ್ಳಿ ಬಿಳಿಚಿಕೊಳ್ಳುತ್ತದೆ. ಇದು ಬಿಳಿಚಿಕೊಂಡಿತ್ತು. ಇಂಥದ್ದಕ್ಕೆ ಮೀಟರ್ ಕೂಡ ಬೇಡ, ಎತ್ತಿ ಪಕ್ಕಕ್ಕಿಡುವುದೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದೆ. ಅಂಗಡಿಯವರು ನಕ್ಕರು. "ಸಾರ್, ಈಗ ವಾಲ್ವ್ ಯಾರು ಕೇಳ್ತಾರೆ ಸಾರ್? ಕಂಡೆನ್ಸರ್ ಬೇಕಾದ್ರೆ ಕೊಡ್ತೀನಿ." ಕಂಡೆನ್ಸರ್, ರೆಸಿಸ್ಟರ್, ವೈರ್ ಅಲ್ಲೇ ತಗೊಂಡೆ. ವಾಲ್ವ್ ಜೋಡಿಯನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಗಿಟಾರ್ ಆಂಪ್ ಬಳಸುವವರ ಪುಣ್ಯದಿಂದ ಇಎಲ್ 34 ಇವತ್ತಿಗೂ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ತಯಾರಾಗುತ್ತಿದೆ.

ಇಲ್ಲೇ ಶೇ ಸ್ಟೇಡಿಯಂ ಕಥೆಗೆ ಮೊದಲ ಕೊಂಡಿ ಸಿಗುತ್ತದೆ. ಬೀಟಲ್ಸ್‌ಗಾಗಿ ವೋಕ್ಸ್ ಕಂಪನಿ ಮಾಡಿಕೊಟ್ಟ 100 ವ್ಯಾಟ್ ಆಂಪ್‌ನಲ್ಲೂ ಇದ್ದದ್ದು ಇದೇ ಇಎಲ್ 34, ನಾಲ್ಕು. ನನ್ನ ಶಾಮಿಯಾನ ಪೆಟ್ಟಿಗೆಯಲ್ಲಿ ಎರಡು. ಜಗತ್ತಿನ ಅತಿ ದೊಡ್ಡ ತಂಡ ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ಗಿಟಾರ್ ಸಿಕ್ಕಿಸಿದ ಆಂಪ್‌ಗೂ ನಮ್ಮೂರ ಗಣಪತಿ ಪೆಂಡಾಲಿನ ಆಂಪ್‌ಗೂ ವ್ಯತ್ಯಾಸ ಇಷ್ಟೇ. ವ್ಯಾಟ್ ಅರ್ಧವಾದರೆ ಸದ್ದು ಅರ್ಧವಾಗುವುದಿಲ್ಲ, 3 ಡೆಸಿಬೆಲ್ ಇಳಿಯುತ್ತದೆ. ಅದು ಕಿವಿಗೆ ಸ್ವಲ್ಪ ಕಡಿಮೆ ಅನ್ನಿಸುವಷ್ಟು ಮಾತ್ರ.

ಕರೆಂಟ್ ಕೊಡುವ ಮೊದಲು

ಈ ವಾಲ್ವ್ ಆಂಪ್ಲಿಫಯರ್ ಒಳಗೆ 420 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಅದು ಕೂತಿರುತ್ತದೆ. ಇದನ್ನು ಓದಿ ಯಾರಾದರೂ ಕೈ ಹಾಕುವುದಾದರೆ ಮೊದಲ ಕೆಲಸ ಮೇನ್ ಕಂಡೆನ್ಸರ್‌ಗೆ ಅಡ್ಡಲಾಗಿ 100 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಹಾಕುವುದು. ಆಫ್ ಮಾಡಿದ ಮೇಲೆ ಒಂದು ನಿಮಿಷ ಕಾದು, ಮೀಟರ್ ಇಟ್ಟು ಸೊನ್ನೆ ನೋಡಿ, ಆಮೇಲೆ ಬೆರಳು. ಒಂದು ಕೈ ಜೇಬಿನಲ್ಲಿರಲಿ ಅಂತ ಹಳೇ ರೇಡಿಯೋ ಮೆಕ್ಯಾನಿಕ್‌ಗಳು ಹೇಳುತ್ತಿದ್ದದ್ದು ತಮಾಷೆಗಲ್ಲ.

ಮೂಲ ವೈರ್ ಎರಡು ಪಿನ್ನಿನದು, ಅರ್ತ್ ಇಲ್ಲ. ಅದನ್ನು ತೆಗೆದು ಮೂರು ಪಿನ್ ಹಾಕಿ ಅರ್ತನ್ನು ನೇರ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ ಬೋಲ್ಟ್ ಮಾಡಿದೆ. ಫ್ಯೂಸ್ ಜಾಗದಲ್ಲಿ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದ್ದರು. ಜಾತ್ರೆ ರಾತ್ರಿ ಫ್ಯೂಸ್ ಎಲ್ಲಿ ಸಿಗಬೇಕು ಪಾಪ.

ಮೊದಲ ಸಲ ಕರೆಂಟ್ ಕೊಟ್ಟದ್ದು ಸೀರೀಸ್ ಬೋರ್ಡ್ ಮೂಲಕ, 100 ವ್ಯಾಟಿನ ಹಳೇ ಬುರುಡೆ ಬಲ್ಬ್ ಹಾಕಿ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಆಂಪ್ ಉಳಿಯುತ್ತದೆ. ವಾಲ್ವ್ ಎಲ್ಲ ತೆಗೆದು ನೋಡಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು. ಅಂದರೆ ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ. ಇಂಥ ರಿಪೇರಿಯಲ್ಲಿ ಗೆಲುವು ಸೋಲು ಅಲ್ಲೇ ತೀರ್ಮಾನವಾಗುತ್ತದೆ. ಬಾಕಿ ಎಲ್ಲ ಕೊಳ್ಳಲು ಸಿಗುತ್ತದೆ, ಸುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಬದಲಿ ಸಿಗುವುದಿಲ್ಲ.

ಅಲ್ಯೂಮಿನಿಯಂ ಡಬ್ಬಿಯ 50+50 ಮೈಕ್ರೋಫ್ಯಾರಡ್ ಕಂಡೆನ್ಸರ್ ಒಣಗಿ ಹೋಗಿತ್ತು, ತಳದಲ್ಲಿ ಉಪ್ಪು ಹರಳಿನ ಥರ ಏನೋ ಕಟ್ಟಿತ್ತು. ಡಬ್ಬಿಯನ್ನು ಶೋಕಿಗೆ ಅಲ್ಲೇ ಬಿಟ್ಟೆ. ಚಾಸಿಯ ಅಡಿಯಲ್ಲಿ 500 ವೋಲ್ಟಿನ 47 ಮೈಕ್ರೋಫ್ಯಾರಡ್ ಎರಡು ಹಾಕಿದೆ.

ಆಮೇಲೆ ನಿಜವಾದ ಕಳ್ಳ ಸಿಕ್ಕಿದ್ದು. ಇಎಲ್ 34 ಹಾಕದೆಯೇ ಅವುಗಳ ಸಾಕೆಟ್‌ನ 5ನೇ ಪಿನ್ ಅಳೆಯಬೇಕು. ಅದು ಗ್ರಿಡ್, ವಾಲ್ವ್‌ನಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅಂತ ತೀರ್ಮಾನಿಸುವ ಜಾಲರಿ. ಅಲ್ಲಿ ಮೈನಸ್ ವೋಲ್ಟೇಜ್ ಇದ್ದರೇ ವಾಲ್ವ್ ಹಿಡಿತದಲ್ಲಿರುತ್ತದೆ. ಒಂದು ಕಡೆ ಮೈನಸ್ 34 ಇತ್ತು. ಇನ್ನೊಂದು ಕಡೆ ಮೈನಸ್ 9 ಮಾತ್ರ. ಬಿಳಿಚಿಕೊಂಡ ವಾಲ್ವ್ ಇದ್ದದ್ದೂ ಅದೇ ಕಡೆ. ಹಿಂದಿನ ಹಂತದಿಂದ ಬರುವ 0.1 ಮೈಕ್ರೋಫ್ಯಾರಡ್ ಪೇಪರ್ ಕಂಡೆನ್ಸರ್ ಡಿಸಿ ಸೋರಿಸುತ್ತಿತ್ತು. ಹಾಡನ್ನು ಮಾತ್ರ ಬಿಟ್ಟು ಡಿಸಿಯನ್ನು ತಡೆಯುವುದೇ ಅದರ ಕೆಲಸ. ವಯಸ್ಸಾದ ಮೇಲೆ ಎರಡನ್ನೂ ಬಿಡಲು ಶುರು ಮಾಡುತ್ತದೆ. ಗ್ರಿಡ್ ಸಡಿಲವಾಗುತ್ತದೆ, ವಾಲ್ವ್‌ನಲ್ಲಿ ಕರೆಂಟ್ ಏರುತ್ತದೆ, ಒಳಗಿನ ಪ್ಲೇಟ್ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಎರಡೂ ಕಡೆ 630 ವೋಲ್ಟಿನ ಫಿಲ್ಮ್ ಕಂಡೆನ್ಸರ್ ಹಾಕಿದೆ. ಎರಡೂ ಪಿನ್ ಮೈನಸ್ 36ಕ್ಕೆ ಬಂದವು.

ಪ್ರತಿ ಇಎಲ್ 34ರ 8ನೇ ಪಿನ್ನಿಗೆ 1 ಓಮ್ ರೆಸಿಸ್ಟರ್ ಸೇರಿಸಿದೆ. ಅದರ ಮೇಲೆ ಎಷ್ಟು ಮಿಲಿವೋಲ್ಟ್ ಬರುತ್ತದೋ ಅಷ್ಟೇ ಮಿಲಿಆಂಪಿಯರ್ ಅಂತ ಲೆಕ್ಕ. ಹೊಸ ಜೋಡಿಯಲ್ಲಿ 36 ಮತ್ತು 38 ಬಂತು. 420 ವೋಲ್ಟ್ ಗುಣಿಸಿದರೆ ಸುಮಾರು 16 ವ್ಯಾಟ್. ಈ ವಾಲ್ವ್ ತಡೆಯುವುದು 25. ನೆಮ್ಮದಿ. ಸ್ಪೀಕರ್ ಬದಲು 16 ಓಮ್ ಡಮ್ಮಿ ಲೋಡ್ ಹಾಕಿ 1 ಕಿಲೋಹರ್ಟ್ಸ್ ಕೊಟ್ಟಾಗ ಅಲೆಯ ನೆತ್ತಿ ಚಪ್ಪಟೆಯಾಗುವ ಮೊದಲು 24 ವೋಲ್ಟ್ ಬಂತು. ಅಂದರೆ 36 ವ್ಯಾಟ್.

ಕಾಲಂ ಕಟ್ಟಿದ್ದು

ಶೇ ಸ್ಟೇಡಿಯಂ ಬೇಸ್‌ಬಾಲ್ ಮೈದಾನ. ಪ್ರೇಕ್ಷಕರೆಲ್ಲ ಸ್ಟ್ಯಾಂಡಿನಲ್ಲಿ, ಹುಲ್ಲಿನ ಮೇಲೆ ಒಬ್ಬರೂ ಇಲ್ಲ. ವೇದಿಕೆ ಇದ್ದದ್ದು ಮೈದಾನದ ಒಳಗೆ, ಬ್ಯಾಟ್ ಬೀಸುವ ಜಾಗದ ಎದುರಿಗಿರುವ ಸೆಕೆಂಡ್ ಬೇಸ್ ಹತ್ತಿರ. ಗಿಟಾರ್ ಸದ್ದು ಆಂಪ್‌ನಿಂದ ನೇರವಾಗಿ ಬರಬೇಕು. ಹಾಡುವ ದನಿಗೆ ಮೈದಾನದ ಅಂಚಿನಲ್ಲಿ ನಿಲ್ಲಿಸಿದ ಕಾಲಂ ಸ್ಪೀಕರ್‌ಗಳು ಮತ್ತು ಆಟಗಾರರ ಹೆಸರು ಕೂಗಲು ಹಾಕಿದ್ದ ಸ್ಟೇಡಿಯಂ ವ್ಯವಸ್ಥೆ. ಟಿವಿ ನಿರೂಪಕ ಎಡ್ ಸಲಿವನ್ ಬಂದು ಪರಿಚಯ ಮಾಡಿಕೊಟ್ಟ. ಅರ್ಧ ಗಂಟೆಯಲ್ಲಿ 12 ಹಾಡು ಮುಗಿಸಿ ಹೊರಟರು. ಕೊನೆಯ ಹಾಡಿನಲ್ಲಿ ತಂಡದ ಜಾನ್ ಲೆನನ್ ಆರ್ಗನ್ನನ್ನು ಮೊಣಕೈಯಲ್ಲಿ ಬಾರಿಸಿದ. ಹೇಗೂ ಯಾರಿಗೂ ಕೇಳಿಸದ ಮೇಲೆ ಬೆರಳಾದರೇನು, ಮೊಣಕೈ ಆದರೇನು, ಅಲ್ವಾ?

ಕಾಲಂ ಸ್ಪೀಕರ್ ಅಂದರೆ ಸಣ್ಣ ಸ್ಪೀಕರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದ ಉದ್ದನೆ ಪೆಟ್ಟಿಗೆ. ಹಳೇ ಕಲ್ಯಾಣ ಮಂಟಪ, ಚರ್ಚುಗಳ ಗೋಡೆಯಲ್ಲಿ ಈಗಲೂ ಕಾಣಬಹುದು. ಸದ್ದು ಅಡ್ಡಡ್ಡ ಹರಡುತ್ತದೆ, ಮೇಲೆ ಕೆಳಗೆ ಚೆಲ್ಲುವುದಿಲ್ಲ. ಜನರ ತಲೆಯ ಮಟ್ಟಕ್ಕೆ ಮಾತ್ರ ಸದ್ದು ಕಳಿಸುವ ಉಪಾಯ ಇದು.

ನಾಲ್ಕು ಇಂಚಿನ, 8 ಓಮ್, 10 ವ್ಯಾಟಿನ ಸ್ಪೀಕರ್ ಆರು ತಗೊಂಡೆ. ಮೂರು ಮೂರು ಸೀರೀಸ್, ಆ ಎರಡು ಸಾಲು ಪ್ಯಾರಲಲ್. 24 ಓಮ್ ಎರಡು ಸೇರಿ 12 ಓಮ್. ಆಂಪ್‌ನ 16 ಓಮ್ ಟ್ಯಾಪಿಗೆ ಇದು ಅಡ್ಡಿಯಿಲ್ಲ. ಪೆಟ್ಟಿಗೆಗೆ 12 ಮಿಲಿಮೀಟರ್ ಪ್ಲೈವುಡ್, ಬಡಗಿ ಅಂಗಡಿಯಲ್ಲೇ ಕತ್ತರಿಸಿಕೊಂಡೆ. ತೂತುಗಳನ್ನು ಜಿಗ್ಸಾದಲ್ಲಿ ಕೊರೆದೆ. ಸ್ಪೀಕರ್ ಅಂಚಿಗೆ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ, ಒಳಗೆ ದಿಂಬಿಗೆ ತುಂಬುವ ಸಿಂಥೆಟಿಕ್ ಹತ್ತಿ. ಕೀಲುಗಳಿಗೆ ಫೆವಿಕಾಲ್ ಮತ್ತು ಸ್ಕ್ರೂ ಎರಡೂ.

ವೈರ್ ಮಾಡುವ ಮೊದಲು ಪ್ರತಿ ಸ್ಪೀಕರ್‌ಗೂ ಒಂದೂವರೆ ವೋಲ್ಟಿನ ಸೆಲ್ ಮುಟ್ಟಿಸಿ ನೋಡಬೇಕು. ಪ್ಲಸ್ ಗುರುತಿಗೆ ಪ್ಲಸ್ ಕೊಟ್ಟರೆ ಕೋನ್ ಹೊರಕ್ಕೆ ಜಿಗಿಯಬೇಕು. ಆರರಲ್ಲಿ ಒಂದು ಒಳಕ್ಕೆ ಹೋಯಿತು. ಕಾರ್ಖಾನೆಯಲ್ಲೇ ಕೆಂಪು ಗುರುತು ತಪ್ಪು ಕಡೆ ಬಿದ್ದಿತ್ತು. ಹಾಗೇ ಜೋಡಿಸಿದ್ದರೆ ಐದು ಜನ ಬಂಡಿ ಎಳೆಯುವಾಗ ಒಬ್ಬ ಹಿಂದಕ್ಕೆ ತಳ್ಳಿದ ಹಾಗಾಗುತ್ತಿತ್ತು. ಅಗ್ಗದ ಸ್ಪೀಕರ್ ಕೊಂಡರೆ ಈ ಪರೀಕ್ಷೆ ತಪ್ಪಿಸಬೇಡಿ.

ಪೆಟ್ಟಿಗೆಯಲ್ಲಿ ಸ್ಪೀಕರ್ ಸಾಲಿನ ಉದ್ದ ಸುಮಾರು 65 ಸೆಂಟಿಮೀಟರ್. ಸದ್ದಿನ ವೇಗ ಸೆಕೆಂಡಿಗೆ 340 ಮೀಟರ್ ಅಂತ ಹಿಡಿದರೆ 520 ಹರ್ಟ್ಸ್‌ನ ಅಲೆ ಅಷ್ಟೇ ಉದ್ದ ಇರುತ್ತದೆ. ಅದಕ್ಕಿಂತ ಕೆಳಗಿನ ಸ್ವರಗಳಿಗೆ ಈ ಕಾಲಂ ದಿಕ್ಕು ಕೊಡಲಾರದು. ಅವು ಎಲ್ಲ ಕಡೆ ಹರಡಿ ಹೋಗುತ್ತವೆ. 2 ಕಿಲೋಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಚೆನ್ನಾಗಿ ಕಾಣಿಸಿತು. ಮುಂದೆ ನೇರ ನಿಂತರೆ ಜೋರು, ಏಣಿ ಹತ್ತಿ 15 ಡಿಗ್ರಿ ಮೇಲೆ ಹೋದರೆ ಸದ್ದು ಬಿದ್ದೇ ಹೋಗುತ್ತದೆ. 3 ಕಿಲೋಹರ್ಟ್ಸ್ ದಾಟಿದ ಮೇಲೆ ಇನ್ನೊಂದು ತರಲೆ. ಸ್ಪೀಕರ್ ಸ್ಪೀಕರ್ ನಡುವಿನ ಅಂತರಕ್ಕಿಂತ ಅಲೆ ಚಿಕ್ಕದಾಗುತ್ತದೆ. ಆಗ ಸದ್ದು ಬೇಡದ ಕಡೆಯೂ ಹೊಸ ಕವಲು ಒಡೆಯುತ್ತದೆ. ಮಾತಿಗೆ ಇಷ್ಟು ಸಾಕು. ಡ್ರಮ್, ಬೇಸ್ ಗಿಟಾರ್, ಸಿಂಬಲ್ ಎಲ್ಲ ಇರುವ ತಂಡಕ್ಕೆ ಸಾಲದು. ಕಾಲಂ ಕೆಟ್ಟ ಸಾಮಾನಲ್ಲ. ಭಾಷಣಕ್ಕೆ ಹುಟ್ಟಿದ್ದನ್ನು ರಾಕ್‌ಗೆ ಎಳೆದು ತಂದರು, ಅಷ್ಟೇ.

ತೋಟದಲ್ಲಿ

ಮನೆ ಟೆರೇಸ್ ಮೇಲೆ ಇದನ್ನೆಲ್ಲ ಜೋರಾಗಿ ಹಾಕುವ ಹಾಗಿಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್. ಗೆಳೆಯನ ತೆಂಗಿನ ತೋಟಕ್ಕೆ ಎಲ್ಲವನ್ನೂ ಹೊತ್ತೆವು. ತೋಟದ ಅನುಕೂಲ ಏನೆಂದರೆ ಟೇಪ್ ಬೇಕಿಲ್ಲ. ಮರದಿಂದ ಮರಕ್ಕೆ 30 ಅಡಿ. ಏಳು ಅಂತರ ನಡೆದರೆ 60 ಮೀಟರ್ ದಾಟುತ್ತದೆ. ಶೇ ಸ್ಟೇಡಿಯಂನಲ್ಲಿ ವೇದಿಕೆಗೂ ನೇರ ಎದುರಿನ ಪ್ರೇಕ್ಷಕರಿಗೂ ಹೆಚ್ಚುಕಮ್ಮಿ ಅಷ್ಟೇ ದೂರ.

ಆ ದೂರಕ್ಕೆ 100 ವ್ಯಾಟ್ ಏನಾಗುತ್ತದೆ ಅಂತ ಪೇಪರ್ ಮೇಲೆ ಮೊದಲೇ ಬರೆದುಕೊಂಡಿದ್ದೆ. ಒಳ್ಳೆ ಗಿಟಾರ್ ಆಂಪ್ ಒಂದು ಮೀಟರಿನಲ್ಲಿ 120 ಡೆಸಿಬೆಲ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಕಳೆಯಬೇಕು. 60 ಮೀಟರಿಗೆ ಉಳಿಯುವುದು 84. ಪಕ್ಕದ ಸೀಟಿನ ಹುಡುಗಿ ಕಿವಿಯ ಹತ್ತಿರವೇ ಕಿರುಚುತ್ತಿದ್ದರೆ 84 ಯಾವ ಲೆಕ್ಕ? ಕಿರುಚಾಟದ ಬಲ ಎಲ್ಲ 1ರಿಂದ 4 ಕಿಲೋಹರ್ಟ್ಸ್ ನಡುವೆ ಇರುತ್ತದೆ. ಹಾಡಿನ ಅಕ್ಷರ ಬಿಡಿಸಿ ಹೇಳುವ ಸದ್ದುಗಳೂ ಅಲ್ಲೇ ಇರುತ್ತವೆ. ಕಿವಿ ಅತಿ ಚುರುಕಾಗಿರುವುದೂ ಅಲ್ಲೇ.

ನಮಗೆ ಕಿರುಚಾಟ ಬೇಕಿತ್ತು. ತೋಟದ ಪಕ್ಕದ ಮಕ್ಕಳನ್ನು ಕರೆದು "ಜೋರಾಗಿ ಕೂಗ್ರೋ" ಅಂದೆವು. ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಪದರ ಪದರವಾಗಿ ಜೋಡಿಸಿ, ಕೇಳುಗನ ಹಿಂದೆ ಒಂದು ಬ್ಯಾಟರಿ ಸ್ಪೀಕರ್‌ನಲ್ಲಿ ಬಿಟ್ಟೆವು. ಕೇಳುಗನ ಕಿವಿಯಲ್ಲಿ 80 ಡೆಸಿಬೆಲ್ ಬರುವಷ್ಟು. ಅಸಲಿ ಶೇ ಸ್ಟೇಡಿಯಂಗಿಂತ ಇದು ಬಹಳ ಮೆತ್ತಗೆ. ಫೋನ್ ಆಪ್ ಕೊಡುವ ಅಂಕಿ ಪ್ರಯೋಗಾಲಯದ್ದಲ್ಲ, ಆದರೆ ಹೋಲಿಕೆಗೆ ಸಾಕು.

ಕಾಲಂ ಪೂರ್ತಿ 36 ವ್ಯಾಟ್‌ನಲ್ಲಿ ಏಳನೇ ಮರದ ಹತ್ತಿರ 68 ಕೊಟ್ಟಿತು. ಕಿರುಚಾಟ ಇಲ್ಲದಾಗ ಹಾಡು ಅಚ್ಚುಕಟ್ಟಾಗಿ ಕೇಳಿಸಿತು. ಕಿರುಚಾಟ ಬಿಟ್ಟ ಕೂಡಲೇ ಮಾಯ. ಹಾಡು ನಡೆಯುತ್ತಿದೆ ಅಂತ ಗೊತ್ತಾಗಲು ಕಾಲಂ ಪಕ್ಕ ನಿಂತ ಗೆಳೆಯ ತಲೆ ಅಲ್ಲಾಡಿಸುವುದನ್ನು ನೋಡಬೇಕಾಯಿತು. ಬೀಟಲ್ಸ್‌ನ ಡ್ರಮ್ ವಾದಕ ರಿಂಗೋ ಸ್ಟಾರ್ ಕೂಡ ಇದನ್ನೇ ಹೇಳಿದ್ದಾನೆ. ಏನೂ ಕೇಳಿಸದೆ, ಮುಂದೆ ನಿಂತವರ ಬೆನ್ನು, ಸೊಂಟ, ಕಾಲು ಅಲ್ಲಾಡುವುದನ್ನು ನೋಡಿ ಹಾಡು ಎಲ್ಲಿಗೆ ಬಂತು ಅಂತ ಲೆಕ್ಕ ಹಾಕುತ್ತಿದ್ದನಂತೆ. ವೇದಿಕೆಯಲ್ಲಿ ಅವರ ಕಡೆ ತಿರುಗಿಸಿದ ಮಾನಿಟರ್ ಸ್ಪೀಕರ್ ಇರಲೇ ಇಲ್ಲ.

ಇನ್ನೊಂದು ಸಣ್ಣ ಪರೀಕ್ಷೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಕಾಲಂ 60 ಮೀಟರ್ ದೂರದಲ್ಲಿ, ಅದೇ ಹಾಡು ಕೇಳುಗನ ಪಕ್ಕದ ಸಣ್ಣ ಹಾರ್ನ್ (ಕಹಳೆ ಬಾಯಿಯ) ಸ್ಪೀಕರ್‌ನಲ್ಲೂ. ಹಾರ್ನ್‌ಗೆ ವೈರ್ ಮೂಲಕ ಹಾಡು ಆಗಲೇ ಬಂದಿರುತ್ತದೆ. ಕಾಲಂ ಸದ್ದು ಗಾಳಿಯಲ್ಲಿ ನಡೆದು ಬರಲು ಸುಮಾರು 175 ಮಿಲಿಸೆಕೆಂಡ್ ಬೇಕು. ಮಧ್ಯಮ ಓಟದ ಹಾಡಿನಲ್ಲಿ ಅದು ತಾಳದ ಒಂದು ಪೆಟ್ಟಿನ ಮೂರನೇ ಒಂದು ಪಾಲು. ಪ್ರತಿ ಚಪ್ಪಾಳೆ ಎರಡು ಸಲ. ಸ್ಟೇಡಿಯಂ ಸ್ಪೀಕರ್‌ನಿಂದ ದನಿ ಮೊದಲು, ವೇದಿಕೆಯ ಡ್ರಮ್ ಆಮೇಲೆ. ಶೇ ಸ್ಟೇಡಿಯಂನ ದೂರದ ಸ್ಟ್ಯಾಂಡಿನವರಿಗೆ ಕೇಳಿಸಿದ್ದಷ್ಟೂ ಹೀಗೇ ಕಲಸಿಕೊಂಡಿರಬೇಕು. ಲ್ಯಾಪ್‌ಟಾಪ್‌ನಲ್ಲಿ ಹಾರ್ನ್ ಕಡೆಗೆ ಅಷ್ಟೇ ವಿಳಂಬ ಹಾಕಿದೆ. ಎರಡೂ ಒಂದಾಗಿ ಕೂತವು. ಈಗ ದೊಡ್ಡ ಕಾರ್ಯಕ್ರಮಗಳಲ್ಲಿ ನಡು ಮೈದಾನದಲ್ಲಿ ನಿಲ್ಲಿಸುವ ಸ್ಪೀಕರ್ ಗೋಪುರಗಳಿಗೆಲ್ಲ ಇದೇ ಲೆಕ್ಕ. 1965ರಲ್ಲಿ ಬಯಲಿಗೆ ಒಯ್ದು ಸುಲಭವಾಗಿ ಹೀಗೆ ಮಾಡುವ ಸಾಮಾನು ಇರಲಿಲ್ಲ.

ಶೇ ಸ್ಟೇಡಿಯಂನ ರೆಕಾರ್ಡಿಂಗನ್ನೇ ಹಾಕಿ ಹೋಲಿಸಬಹುದಲ್ಲ ಅಂತ ಗೆಳೆಯ ಕೇಳಿದ. ಆಗುವುದಿಲ್ಲ. ಆ ದಿನದ ಚಿತ್ರಕ್ಕಾಗಿ 1966ರ ಜನವರಿ 5ರಂದು ಬೀಟಲ್ಸ್ ಲಂಡನ್ನಿನ ಸಿಟಿಎಸ್ ಸ್ಟುಡಿಯೋದಲ್ಲಿ ಕೂತು ಸುಮಾರು ಭಾಗವನ್ನು ಮತ್ತೆ ನುಡಿಸಿ ಸೇರಿಸಿದ್ದಾರೆ. ಟಿವಿಯಲ್ಲಿ ನೋಡಿದವರಿಗೆ ಸ್ಟೇಡಿಯಂನಲ್ಲಿ ಕೂತವರಿಗಿಂತ ಚೆನ್ನಾಗಿ ಕೇಳಿಸಿತು.

ದೊಡ್ಡ ಪೆಟ್ಟಿಗೆ

ವುಡ್‌ಸ್ಟಾಕ್‌ನ ಸೌಂಡ್ ಹೊಣೆ ಹೊತ್ತವನು ಬಿಲ್ ಹ್ಯಾನ್ಲಿ, ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್ ಊರಿನವನು. ಹಾಡುವವರಿಗೆ ತಮ್ಮ ದನಿ ಕೇಳಲೆಂದು ವೇದಿಕೆಯ ಮೇಲೂ ಸ್ಪೀಕರ್ ಇಡುವ ಪದ್ಧತಿ ತಂದ ಮೊದಲಿಗರಲ್ಲಿ ಅವನೂ ಒಬ್ಬ. 15 ಇಂಚಿನ ಜೆಬಿಎಲ್ ಸ್ಪೀಕರ್ ತುಂಬಿದ ಭಾರೀ ಪೆಟ್ಟಿಗೆಗಳು, ಮೇಲಿನ ಸ್ವರಕ್ಕೆ ಆಲ್ಟೆಕ್ ಹಾರ್ನ್‌ಗಳು, ಅವನ್ನು ಓಡಿಸಲು ಒಂದೊಂದೂ 350 ವ್ಯಾಟಿನ ಮ್ಯಾಕಿಂಟೋಷ್ ವಾಲ್ವ್ ಆಂಪ್‌ಗಳು. ಎಲ್ಲವನ್ನೂ ವೇದಿಕೆಯ ಎರಡು ಪಕ್ಕದಲ್ಲಿ ಗೋಪುರ ಕಟ್ಟಿ ಮೇಲಕ್ಕೆತ್ತಿದ್ದ. ಮೇಲಿನ ಸಾಲಿನ ಮುಖ ಗುಡ್ಡದ ತುದಿಗೆ, ಕೆಳಗಿನ ಸಾಲಿನದು ಮುಂದಿನವರಿಗೆ.

ನನಗೆ ಅಷ್ಟೆಲ್ಲ ಬೇಡ, ಒಂದು ಪೆಟ್ಟಿಗೆ ಸಾಕು. ಆರ್ಕೆಸ್ಟ್ರಾಗೆ ಸೌಂಡ್ ಕೊಡುವ ಗೆಳೆಯನೊಬ್ಬನ ಹತ್ತಿರ ಹಳೇ 15 ಇಂಚಿನ ಬಾಸ್ ಪೆಟ್ಟಿಗೆ ಮತ್ತು ಹಾರ್ನ್ ಇತ್ತು, ಕೆಳಗಿನ ಸ್ವರ, ಮೇಲಿನ ಸ್ವರ ಬೇರೆ ಮಾಡಿ ಹಂಚುವ ಕ್ರಾಸ್‌ಓವರ್ ಒಳಗೇ ಇತ್ತು. "ಲೋ, 36 ವ್ಯಾಟ್‌ನಲ್ಲಿ ಇದು ಕೆಮ್ಮೋದೂ ಇಲ್ಲ ಕಣೋ" ಅಂದ. 8 ಓಮ್ ಟ್ಯಾಪಿಗೆ ಸಿಕ್ಕಿಸಿದ ಮೇಲೆ ಅವನೇ ವಾಲ್ಯೂಮ್ ಕಡಿಮೆ ಮಾಡಲು ಓಡಿದ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರಿನಲ್ಲಿ ಈ ಪೆಟ್ಟಿಗೆ ನನ್ನ ಕಾಲಂಗಿಂತ ಸುಮಾರು 8 ಡೆಸಿಬೆಲ್ ಜೋರು. ಅಷ್ಟು ಸದ್ದು ಕಾಲಂನಿಂದ ಬರಬೇಕಾದರೆ ಆರು ಪಟ್ಟಿಗಿಂತ ಜಾಸ್ತಿ ವ್ಯಾಟ್ ಬೇಕು. ವ್ಯಾಟ್ ಹೆಚ್ಚಿಸುವುದು ದುಬಾರಿ ದಾರಿ. ದೊಡ್ಡ ಕೋನ್, ಹಾರ್ನ್ ಬಾಯಿ ಇವುಗಳಿಂದ ಸಿಗುವುದು ಬಿಟ್ಟಿ.

ಮೊದಲು ಪೆಟ್ಟಿಗೆಯನ್ನು ನೆಲದ ಮೇಲಿಟ್ಟೆವು. ಎರಡು ಮೀಟರಿನಲ್ಲಿ ನಿಂತವನಿಗೆ ಕಿವಿ ಸಿಡಿಯುತ್ತದೆ, 40 ಮೀಟರಿನವನಿಗೆ 26 ಡೆಸಿಬೆಲ್ ಕಡಿಮೆ. ಮಾವನೂ ತೋಟಕ್ಕೆ ಬಂದಿದ್ದರು. ಸುಮ್ಮನೆ ನೋಡುತ್ತಿದ್ದವರು ಎದ್ದು ಬಂದರು.

"ನೆಲಕ್ಕೆ ಯಾಕಪ್ಪ ಇಟ್ಟಿದೀರಾ? ಪಂಪ್‌ಸೆಟ್ ಮನೆ ಮೇಲೆ ಏರ್ಸಿ. ಮುಖ ಒಂಚೂರು ಕೆಳಕ್ಕೆ ಬಾಗ್ಸಿ. ನಾವು ಕಹಳೆನ ಮರಕ್ಕೆ ಕಟ್ತಿದ್ದಿದ್ದು ಸುಮ್ನೆನಾ?"

ಏರಿಸಿದೆವು. ಕಿವಿಯ ಮಟ್ಟಕ್ಕಿಂತ ಸುಮಾರು 4 ಮೀಟರ್ ಎತ್ತರ. ಈಗ ಬುಡದಲ್ಲಿ ನಿಂತವನಿಗೂ ಪೆಟ್ಟಿಗೆ ನಾಲ್ಕೂವರೆ ಮೀಟರ್ ದೂರ. 40 ಮೀಟರಿನವನ ದೂರ ಬದಲಾಗಲಿಲ್ಲ. ವ್ಯತ್ಯಾಸ 26ರಿಂದ 19ಕ್ಕೆ ಇಳಿಯಿತು. ಮುಂದಿನವರ ಕಿವಿ ಉಳಿಯಿತು, ಹಿಂದಿನವರ ಪಾಲು ಕಡಿಮೆಯಾಗಲಿಲ್ಲ. ಹ್ಯಾನ್ಲಿ ಗೋಪುರ ಕಟ್ಟಿದ್ದರ ಹಿಂದಿನ ಲೆಕ್ಕವೂ ಇದೇ, ಮಾವ ಹೊಂಗೆ ಮರ ಹತ್ತಿದ್ದರ ಹಿಂದಿನ ಲೆಕ್ಕವೂ ಇದೇ.

ಏಳನೇ ಮರದ ಹತ್ತಿರ 76 ಬಂತು. ಅದೇ ಕಿರುಚಾಟ, ಅದೇ 80. ಹಾಡು ಕಷ್ಟಪಟ್ಟಾದರೂ ಹೊರಬಂತು, ಬೇಸ್ ಮತ್ತು ಡ್ರಮ್ ಚೆನ್ನಾಗಿಯೇ ಬಂತು. ಕಿರುಚಾಟ ಮೇಲಿನ ಸ್ವರಗಳನ್ನು ಮುಚ್ಚುತ್ತದೆ, ಕೆಳಗಿನವನ್ನು ಮುಟ್ಟುವುದಿಲ್ಲ. ಕಾಲಂನಲ್ಲಿ ಆ ಕೆಳಗಿನ ಸ್ವರಗಳೇ ಇರಲಿಲ್ಲ. ತಾಳ ಕೈಗೆ ಸಿಕ್ಕರೆ ಗೊತ್ತಿರುವ ಹಾಡನ್ನು ಮನಸ್ಸೇ ತುಂಬಿಕೊಳ್ಳುತ್ತದೆ.

ಎಲ್ಲ ಹೆಗ್ಗಳಿಕೆ ಸ್ಪೀಕರ್‌ಗೇ ಕೊಡಬಾರದು. ಬೆಥೆಲ್‌ಗೆ ಬಂದವರು ಕಿರುಚಲು ಬಂದವರಲ್ಲ, ಕೂತು ಕೇಳಲು ಬಂದವರು. ಮೊದಲ ದಿನ ಹೆಚ್ಚಾಗಿ ಗಿಟಾರ್ ಹಿಡಿದು ಒಬ್ಬೊಬ್ಬರೇ ಹಾಡುವವರು. ಉಳಿದ ಕಲಾವಿದರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರಿಂದ ರಿಚಿ ಹ್ಯಾವೆನ್ಸ್‌ನನ್ನು ಮೊದಲು ಹತ್ತಿಸಿದರು, ಇಳಿಯಲು ಬಿಡಲಿಲ್ಲ. ಗೊತ್ತಿದ್ದ ಹಾಡೆಲ್ಲ ಮುಗಿದ ಮೇಲೆ ಒಂದು ಹಳೇ ಭಕ್ತಿಗೀತೆಯ ಸುತ್ತ 'ಫ್ರೀಡಂ' ಎಂಬ ಒಂದೇ ಪದವನ್ನು ಮತ್ತೆ ಮತ್ತೆ ಕೂಗುತ್ತಾ ನಿಂತಲ್ಲೇ ಹಾಡು ಕಟ್ಟಿದ. ಆಗಸ್ಟ್ 15ಕ್ಕೆ! ಅವನಿಗೆ ನಮ್ಮ ನೆನಪೇನೂ ಬಂದಿರಲಾರದು, ಆದರೂ ನನಗೆ ಖುಷಿ. ಆಮೇಲೆ ಯೋಗ ಗುರು ಸ್ವಾಮಿ ಸಚ್ಚಿದಾನಂದ ಮಾತಾಡಿದರು. ರಾತ್ರಿ ರವಿಶಂಕರ್ ಸಿತಾರ್ ಹಿಡಿದು ಕೂತರು, ಪಕ್ಕದಲ್ಲಿ ತಬಲಾಕ್ಕೆ ಅಲ್ಲಾ ರಖಾ. ಅವರು ನುಡಿಸುವಾಗಲೇ ಮಳೆ ಬಂತು. ನಮ್ಮ ಶಾಲೆಗಳಲ್ಲಿ ಆಗಸ್ಟ್ 15ಕ್ಕೆ ಮೈಕ್ ಸೆಟ್‌ನಲ್ಲಿ ಬರುವ 'ಸಾರೇ ಜಹಾಂ ಸೇ ಅಚ್ಛಾ' ಹಾಡಿನ ಈಗಿನ ಧಾಟಿಯೂ ರವಿಶಂಕರ್ ಅವರದ್ದೇ, 1945ರದ್ದು.

ಹಾಗಾಗಿ ಒಂದು ಸಿತಾರ್ ರೆಕಾರ್ಡಿಂಗ್ ಕೂಡ ಎರಡೂ ಪೆಟ್ಟಿಗೆಯಲ್ಲಿ ಹಾಕಿದೆ. ಇಲ್ಲಿ ಮಾತ್ರ ಕಾಲಂ ಸೋಲಲಿಲ್ಲ. ತಂತಿಯ ಝೇಂಕಾರ, ಮೀಂಡಿನ ಎಳೆತ ಎಲ್ಲ ಸ್ಪಷ್ಟ. ಕೆಳಗಿನ ಸ್ವರದ ಖರ್ಜದ ತಂತಿಗೆ ಬಂದಾಗ ಮಾತ್ರ ಬಡವಾಯಿತು. ಎಡಗೈ ತಬಲಾದ ಗುಮುಕು ದೊಡ್ಡ ಪೆಟ್ಟಿಗೆಯಲ್ಲಿ ಎದೆಗೆ ತಟ್ಟಿತು, ಕಾಲಂನಲ್ಲಿ ಹಲಗೆ ತಟ್ಟಿದ ಹಾಗಿತ್ತು.

ಮಾವನಿಗೆ ಹೇಳಿದಂತೆ ರಾಜ್‌ಕುಮಾರ್ ಹಾಡು ಹಾಕಿದೆ. ಅರ್ಧ ಹಾಡಿಗೆ ಅವರು ಕೈ ಎತ್ತಿ ನಿಲ್ಲಿಸಿದರು. "ಹಮ್ ಬರ್ತೈತಲ್ಲಪ್ಪ, ಅರ್ತ್ ಸರಿಯಾಗ್ ಮಾಡು."

ಹಮ್, ಅಂದರೆ ಹಿಂದೆ ಬರುವ ಗುಂಯ್ ಸದ್ದು, ಇರುವುದು ನಿಜ. ಆದರೆ ಅರ್ತ್ ಕಾರಣ ಅಲ್ಲ. ವಾಲ್ಯೂಮ್ ಸೊನ್ನೆಗೆ ಇಳಿಸಿದರೆ ಹಮ್ ಹೋಗುತ್ತದೆ. ಅಂದರೆ ಅದು ಮೊದಲ ಇಸಿಸಿ 83ರಲ್ಲೇ ಹುಟ್ಟುತ್ತಿದೆ, ಬಿಇಎಲ್‌ನದ್ದಲ್ಲ, ಇನ್ನೊಂದು. ವಾಲ್ವ್ ಕಾಯಿಸುವ ಹೀಟರ್ ವೈರ್ ಎರಡೂ ಚಾಸಿಯ ಮೇಲೆ ನೇರ ಓಡುತ್ತಿವೆ. ಅವನ್ನು ಹುರಿಯಂತೆ ತಿರುಚಿ, ಮೂಲೆಗೆ ಒತ್ತಿ, ಹೀಟರ್‌ಗೆ ಅಡ್ಡಲಾಗಿ 100 ಓಮ್ ಎರಡು ಹಾಕಿ, ಅವುಗಳ ನಡುವನ್ನು ಅರ್ತ್ ಮಾಡಬೇಕು. 100 ವೋಲ್ಟ್ ಲೈನ್ ಇನ್ನೂ ಪರೀಕ್ಷೆ ಮಾಡಿಲ್ಲ. ಕಾಲಂಗೆ ಬಟ್ಟೆ ಹಾಕಿಲ್ಲ. ಎರಡನೇ ಕಾಲಂಗೆ ಪ್ಲೈವುಡ್ ಕತ್ತರಿಸಿ ಆಗಿದೆ, ಸ್ಪೀಕರ್ ಬರಬೇಕು. ಬಂದ ಕೂಡಲೇ ಆರಕ್ಕೂ ಸೆಲ್ ಮುಟ್ಟಿಸಿ ನೋಡುತ್ತೇನೆ.